ಮಗು ಆಸ್ಪತ್ರೆಗೆ, ಮನೆ ಯಾರ ಪಾಲಿಗೆ?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿ ಕರೆದ ಸಭೆಯಲ್ಲಿ ಮಾಡಿದ ಭಾಷಣ)

ಈ ವೇದಿಕೆಯಿಂದ ನಾವು ಸಾಮಾನ್ಯವಾಗಿ ಮಾತನಾಡುವುದು ಬೋನಸ್ಸು, ತುಟ್ಟಿಭತ್ಯೆ, ಅಂಗಡಿ ಬಾಡಿಗೆ, ತೆರಿಗೆ ಇವುಗಳ ಬಗ್ಗೆ. ಇಂದಿನ ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಿದರಂತೆ. "ಮಗುವಿಗೆ ಕಾಯಿಲೆಯಾದರೆ ಹೆತ್ತವರು ನೋಡಿಕೊಳ್ಳುತ್ತಾರೆ, ಡಾಕ್ಟರು ಔಷಧ ಕೊಡುತ್ತಾರೆ, ಇದರಲ್ಲಿ ಪಕ್ಷಕ್ಕೇನು ಕೆಲಸ, ಸಂಘಕ್ಕೇನು ಕೆಲಸ?" ಎಂದು ಕೇಳಿದರಂತೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ನಾವು ಎದ್ದು ನಿಂತಿದ್ದೇವೆ.

ಮಗುವಿಗೆ ಬಂದ ಕಾಯಿಲೆಯನ್ನು ದೈವದ ಆಟವೆಂದು ಬೇಕಾದರೆ ಕರೆಯಿರಿ. ಆದರೆ ಆ ಮಗುವಿನ ಮಂಚದ ಬಳಿ ಕುಳಿತ ತಾಯಿಯ ಕೂಲಿ ಹೋಗುವುದು ದೈವದ ಆಟವಲ್ಲ. ತಂದೆಯ ಹೆಸರಿನ ಮುಂದೆ ಗೈರುಹಾಜರಿ ಬೀಳುವುದು ದೈವದ ಆಟವಲ್ಲ. ಮನೆಯಲ್ಲಿ ಉಳಿದ ಹತ್ತು ವರ್ಷದ ಹುಡುಗಿ ಶಾಲೆ ಬಿಟ್ಟು ಒಲೆಯ ಮುಂದೆ ಕೂರುವುದು ದೈವದ ಆಟವಲ್ಲ. ಇವೆಲ್ಲ ಮನುಷ್ಯರು ಮಾಡಿಟ್ಟ ಏರ್ಪಾಟಿನ ಫಲ. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಬದಲಾಯಿಸಬಹುದು. ರಾಜಕೀಯವೆಂದರೆ ಇದಲ್ಲದೆ ಬೇರೇನು?

ಮೊದಲು ಒಂದು ಲೆಕ್ಕ ಹಾಕೋಣ. ಇಲ್ಲಿ ಕುಳಿತವರಿಗೆಲ್ಲ ಲೆಕ್ಕ ಬರುತ್ತದೆ. ಗಿರಣಿಯಲ್ಲಿ ದಿನಕ್ಕೆ 500 ರೂಪಾಯಿ ದುಡಿಯುವ ತಂದೆ, ಮನೆಯಲ್ಲಿ ಕುಳಿತು ಹೊಲಿಗೆಯಿಂದ ದಿನಕ್ಕೆ 200 ರೂಪಾಯಿ ಕಾಣುವ ತಾಯಿ, ಮೂವರು ಮಕ್ಕಳು ಎಂದು ಇಟ್ಟುಕೊಳ್ಳಿ. ನಡುವಿನ ಮಗುವಿಗೆ ಜ್ವರ ತಲೆಗೇರಿ ಹತ್ತು ದಿನ ಆಸ್ಪತ್ರೆ ಸೇರಿತು. ಸರ್ಕಾರಿ ಆಸ್ಪತ್ರೆ, ಮಂಚಕ್ಕೂ ಔಷಧಕ್ಕೂ ದುಡ್ಡಿಲ್ಲವೆಂದೇ ಭಾವಿಸಿ. ತಂದೆಯ ಕೂಲಿ ಹೋದದ್ದು 5,000. ತಾಯಿಯ ಸಂಪಾದನೆ ಹೋದದ್ದು 2,000. ಬಸ್ಸು, ಆಟೋ ದಿನಕ್ಕೆ ನೂರರಂತೆ 1,000. ಹೊರಗಿನ ಊಟ, ಚಹ, ಬಿಸಿನೀರು, ದಿನಕ್ಕೆ ನೂರೈವತ್ತರಂತೆ 1,500. ಒಟ್ಟು 9,500 ರೂಪಾಯಿ. ಔಷಧದ ಚೀಟಿಯ ಮೇಲೆ ಒಂದು ಪೈಸೆ ಬೀಳದೆಯೇ ಇಷ್ಟಾಯಿತು! ಸರ್ಕಾರದ ಯಾವ ರಸೀತಿಯಲ್ಲಿಯೂ ಈ ಮೊತ್ತ ಕಾಣುವುದಿಲ್ಲ. ಇದು ಕಾಣುವುದು ಬಡ್ಡಿಯವನ ಪುಸ್ತಕದಲ್ಲಿ ಮಾತ್ರ.

ಇನ್ನು ಸಣ್ಣ ವ್ಯಾಪಾರಿಯ ಪಾಡು ಇದಕ್ಕಿಂತ ಮೇಲೇನೂ ಅಲ್ಲ. ಅವನಿಗೆ ಹಾಜರಿ ಪುಸ್ತಕವಿಲ್ಲ. ಅಂಗಡಿಯ ಬಾಗಿಲೇ ಅವನ ಹಾಜರಿ ಪುಸ್ತಕ. ಹತ್ತು ದಿನ ಬಾಗಿಲು ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅಲ್ಲಿಯೇ ನಿಲ್ಲುತ್ತಾನೆ. ತರಕಾರಿ ಕೊಳೆಯುತ್ತದೆ. ಬಾಡಿಗೆಯೋ ನಿಲ್ಲುವುದಿಲ್ಲ. ಮಾಲು ಕೊಟ್ಟ ದೊಡ್ಡ ವ್ಯಾಪಾರಿ ವಾಯಿದೆಗೆ ಸರಿಯಾಗಿ ಬಂದು ನಿಲ್ಲುತ್ತಾನೆ. ಕಾರ್ಮಿಕನಿಗೂ ವ್ಯಾಪಾರಿಗೂ ಬೇರೆ ಬೇರೆ ಹಿತವೆಂದು ಹೇಳುವವರಿದ್ದಾರೆ. ಮಕ್ಕಳ ವಾರ್ಡಿನ ಹೊರಗಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಒಟ್ಟಿಗೆ ಕುಳಿತಿರುವುದನ್ನು ಅಂಥವರು ಒಮ್ಮೆ ಹೋಗಿ ನೋಡಬೇಕು.

ಇದು ದುಡ್ಡಿನ ಮಾತಾಯಿತು. ದುಡ್ಡಿನಲ್ಲಿ ಎಣಿಸಲಾಗದ ಇನ್ನೊಂದು ನಷ್ಟವಿದೆ. ಅದನ್ನು ಅರಿಯಬೇಕಾದರೆ ಬೇರೊಂದು ದೇಶದ ಕಥೆಯನ್ನು ಕೇಳಬೇಕು.

ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಪುಕ್ಕಟೆ ವೈದ್ಯ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಲೇಬರ್ ಪಕ್ಷದ ಸರ್ಕಾರ ಮಾಡಿದ ದೊಡ್ಡ ಕೆಲಸ ಅದು. ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ತಾನೇ ಗಣಿಗಿಳಿದು ದುಡಿದ ಅನ್ಯೂರಿನ್ ಬೆವನ್ ಆಗ ಆರೋಗ್ಯ ಮಂತ್ರಿ. ಆದರೆ ಚಿಕಿತ್ಸೆ ಪುಕ್ಕಟೆಯಾದ ಮೇಲೂ ಮಕ್ಕಳ ವಾರ್ಡಿನ ಬಾಗಿಲು ಹೆತ್ತವರಿಗೆ ಮುಚ್ಚಿಯೇ ಇತ್ತು. ಲಂಡನಿನ ಎಷ್ಟೋ ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆ ಒಂದೆರಡು ಗಂಟೆ ಮಾತ್ರ ಭೇಟಿ. ಕೆಲವೆಡೆ ಮಗು ನಿದ್ದೆ ಹೋದ ಮೇಲೆ ದೂರದಿಂದ ನೋಡಿ ಬರಬಹುದು, ಅಷ್ಟೆ. "ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಎರಡು ದಿನದಲ್ಲಿ ಸುಮ್ಮನಾಗುತ್ತದೆ" ಎಂಬುದು ಅಲ್ಲಿನ ಡಾಕ್ಟರರ ವಾದ.

ಈ ವಾದವನ್ನು ಮುರಿದವನು ದೊಡ್ಡ ಪದವಿಯವನಲ್ಲ. ಜೇಮ್ಸ್ ರಾಬರ್ಟ್‌ಸನ್ ಎಂಬಾತ ಸ್ಕಾಟ್‌ಲೆಂಡಿನ ದುಡಿಮೆಗಾರರ ಮನೆಯಿಂದ ಬಂದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಬಾಯ್ಲರಿಗೆ ಬೆಂಕಿ ಹಾಕುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವನ ಕೆಲಸ. ಆ ಕೆಲಸದ ನಡುವೆಯೇ ಮಕ್ಕಳನ್ನು ಕಣ್ಣಿಟ್ಟು ನೋಡುವುದನ್ನು ಕಲಿತ. ಮುಂದೆ ಜಾನ್ ಬೌಲ್ಬಿ ಎಂಬ ಮನೋವೈದ್ಯನ ಜೊತೆ ಸೇರಿ ಆಸ್ಪತ್ರೆಯ ಮಕ್ಕಳನ್ನು ಗಮನಿಸುತ್ತ ಹೋದ. ಡಾಕ್ಟರರು ತನ್ನ ಮಾತನ್ನು ನಂಬುವುದಿಲ್ಲವೆಂದು ಕಂಡಾಗ ಒಂದು ಚಿಕ್ಕ ಸಿನಿಮಾ ಕ್ಯಾಮೆರಾ ಹಿಡಿದು, ಹರ್ನಿಯಾ ಶಸ್ತ್ರಕ್ರಿಯೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷ ಐದು ತಿಂಗಳಿನ ಒಂದು ಹೆಣ್ಣುಮಗುವಿನ ಚಿತ್ರ ತೆಗೆದ.

ಆ ಚಿತ್ರದಲ್ಲಿ ದೊಡ್ಡ ಗೋಳಾಟವೇನೂ ಇಲ್ಲ. ಮಗು ತುಟಿ ಬಿಗಿಹಿಡಿದು ಅಳು ನುಂಗುತ್ತದೆ. ಆಗೊಮ್ಮೆ ಈಗೊಮ್ಮೆ ಅಮ್ಮನೆಲ್ಲಿ ಎಂದು ಕೇಳುತ್ತದೆ. ತಾಯಿ ನೋಡಲು ಬಂದಾಗ ಮೊದಲು ಮುಖ ತಿರುಗಿಸಿಕೊಳ್ಳುತ್ತದೆ. 1952ರಲ್ಲಿ ಈ ಚಿತ್ರವನ್ನು ಲಂಡನಿನ ಡಾಕ್ಟರರ ಸಭೆಯಲ್ಲಿ ತೋರಿಸಿದಾಗ ಅನೇಕರು ರೇಗಿದರು, ನಮ್ಮ ವೃತ್ತಿಗೆ ಅವಮಾನವಾಯಿತೆಂದರು. ಆದರೆ ಕಣ್ಣಿಗೆ ಕಂಡದ್ದನ್ನು ಎಷ್ಟು ದಿನ ಅಲ್ಲವೆನ್ನಲಾದೀತು? ರಾಬರ್ಟ್‌ಸನ್ ಮೂರು ಘಟ್ಟಗಳನ್ನು ಗುರುತಿಸಿದ್ದ. ಮೊದಲು ಮಗು ಅತ್ತು ರಂಪ ಮಾಡುತ್ತದೆ. ಆಮೇಲೆ ಆಸೆ ಬಿಟ್ಟು ಕುಗ್ಗುತ್ತದೆ. ಕೊನೆಗೆ ಯಾರು ಬಂದರೂ ಹೋದರೂ ತನಗೇನೆಂಬಂತೆ ಇದ್ದುಬಿಡುತ್ತದೆ. ಡಾಕ್ಟರರು "ಸುಮ್ಮನಾಯಿತು" ಎಂದು ಸಂತೋಷಪಟ್ಟದ್ದು ಈ ಎರಡನೆಯ, ಮೂರನೆಯ ಘಟ್ಟವನ್ನು ಕಂಡು!

1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯ ಸರ್ಕಾರಿ ಸಮಿತಿ ತನ್ನ ವರದಿ ಕೊಟ್ಟಿತು. ಹೆತ್ತವರ ಭೇಟಿಗೆ ನಿರ್ಬಂಧವಿರಬಾರದು, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯುವುದಕ್ಕೆ ಅವಕಾಶವಿರಬೇಕು ಎಂದಿತು. ವರದಿ ಬಂದರೆ ಬಾಗಿಲು ತೆರೆಯುತ್ತದೆಯೇ? ಇಲ್ಲ. ನಮ್ಮಲ್ಲಿ ಎಷ್ಟು ವರದಿಗಳು ಬೀರುವಿನಲ್ಲಿ ನಿದ್ದೆ ಹೋಗಿವೆಯೆಂಬುದು ನಿಮಗೆ ತಿಳಿದದ್ದೇ. ಅಲ್ಲಿಯೂ ಹಾಗೆಯೇ ಆಗುವುದರಲ್ಲಿತ್ತು. 1961ರಲ್ಲಿ ಲಂಡನಿನ ಬ್ಯಾಟರ್ಸೀ ಎಂಬ ಬಡಾವಣೆಯ ಕೆಲವು ತಾಯಂದಿರು ಸಂಘ ಕಟ್ಟಿಕೊಂಡು, ವರದಿಯಲ್ಲಿ ಬರೆದದ್ದನ್ನು ಏಕೆ ನಡೆಸುತ್ತಿಲ್ಲವೆಂದು ಆಸ್ಪತ್ರೆಗಳನ್ನು ಕೇಳಲು ಹೊರಟರು. ಊರೂರಿನಲ್ಲಿ ಶಾಖೆಗಳಾದವು. ವರ್ಷಗಳ ಕಾಲ ಕೇಳುತ್ತ ಹೋದ ಮೇಲೆ ಬಾಗಿಲು ತೆರೆಯಿತು. 1988ರಲ್ಲಿ ಯುರೋಪಿನ ಇಂಥ ಸಂಘಗಳು ಹಾಲೆಂಡಿನ ಲೈಡನ್ ನಗರದಲ್ಲಿ ಕೂಡಿ ಆಸ್ಪತ್ರೆಯಲ್ಲಿರುವ ಮಕ್ಕಳ ಹಕ್ಕುಗಳ ಹತ್ತು ಅಂಶದ ಸನ್ನದನ್ನು ಬರೆದವು. ಮಗುವಿನ ಬಳಿ ಹೆತ್ತವರು ಸದಾ ಇರಬಹುದು ಎಂಬುದು ಅದರಲ್ಲೊಂದು ಅಂಶ. ಅದರ ಮುಂದಿನ ಅಂಶವನ್ನು ಕಿವಿಗೊಟ್ಟು ಕೇಳಿ: ಹಾಗೆ ಇರುವುದಕ್ಕಾಗಿ ಹೆತ್ತವರಿಗೆ ಹೆಚ್ಚಿನ ಖರ್ಚೂ ಬೀಳಬಾರದು, ಸಂಪಾದನೆಯೂ ಹೋಗಬಾರದು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಯನ್ನು ಹೊರಗೆ ಹಾಕುವ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಅವಳಿಲ್ಲದಿದ್ದರೆ ವಾರ್ಡೇ ನಡೆಯುವುದಿಲ್ಲ. ಮಗುವನ್ನು ಒರೆಸುವುದು, ಉಣಿಸುವುದು, ಗ್ಲೂಕೋಸು ಬಾಟಲಿ ಮುಗಿಯಿತೆಂದು ಓಡಿ ಹೇಳುವುದು, ರಕ್ತದ ಸೀಸೆಯನ್ನು ಪ್ರಯೋಗಶಾಲೆಗೆ ಒಯ್ಯುವುದು ಎಲ್ಲವೂ ಅವಳ ತಲೆಯ ಮೇಲೆ. ದಾದಿಯರೂ ದುಡಿಮೆಗಾರರೇ, ಇಬ್ಬರು ಮಾಡುವ ಕೆಲಸ ಒಬ್ಬಳ ಮೇಲೆ ಬಿದ್ದಿರುವಾಗ ಅವರನ್ನು ದೂರಿ ಫಲವಿಲ್ಲ. ಆದರೆ ಇಷ್ಟು ಕೆಲಸ ಮಾಡುವ ತಾಯಿಗೆ ಮಲಗಲು ಮಂಚದ ಕೆಳಗಿನ ನೆಲ. ಸ್ನಾನಕ್ಕೆ ಜಾಗವಿಲ್ಲ. ಊಟ ಅವಳದೇ ಹೊಣೆ. ಬಾಣಂತಿಯಾಗಿದ್ದರೂ ಅದೇ ಪಾಡು. ಇಂಗ್ಲೆಂಡಿನಲ್ಲಿ ತಾಯಿಯನ್ನು ಹೊರಗೆ ನಿಲ್ಲಿಸಿದರು. ನಮ್ಮಲ್ಲಿ ಒಳಗೆ ಕೂರಿಸಿ ಮರೆತರು. ಎರಡೂ ಕಡೆ ಅವಳು ಲೆಕ್ಕಕ್ಕೆ ಬಂದಿಲ್ಲ.

ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಗುವಿಗೆ ಲಾಭವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು 1967ರ ಅಕ್ಟೋಬರ್ 12ರಂದು ಕೊನೆಯುಸಿರೆಳೆದದ್ದು ದೆಹಲಿಯ ವಿಲ್ಲಿಂಗ್ಡನ್ ಆಸ್ಪತ್ರೆಯಲ್ಲಿ. ಇಂದು ಆ ಆಸ್ಪತ್ರೆಗೆ ಅವರದೇ ಹೆಸರು. ಅಲ್ಲಿನ ನವಜಾತ ಶಿಶುಗಳ ಘಟಕದಲ್ಲಿ ವೈದ್ಯರು ತಾಯಿತಂದೆಯರನ್ನು ಒಳಗೆ ಕರೆದು, ಕೈ ತೊಳೆಯುವುದರಿಂದ ಹಿಡಿದು ಮಗುವನ್ನು ಎತ್ತುವ, ಒರೆಸುವ, ಹಾಲುಣಿಸುವ ಕ್ರಮವನ್ನೆಲ್ಲ ಕಲಿಸಿದರು. ಸೋಂಕು ಹೆಚ್ಚುತ್ತದೆಂಬ ಭಯವಿತ್ತು, ಹೆಚ್ಚಲಿಲ್ಲ. ಎದೆಹಾಲು ಕುಡಿಯುವ ಮಕ್ಕಳ ಸಂಖ್ಯೆ ಮಾತ್ರ ಹೆಚ್ಚಿತು. 2017ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಕ್ರಮಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಹೊರಡಿಸಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನದ ಫಲಿತಾಂಶ ಬಂತು. ಭಾರತವೂ ಸೇರಿ ಐದು ದೇಶಗಳಲ್ಲಿ, ತೂಕ ಕಡಿಮೆಯಿರುವ 3,200ಕ್ಕೂ ಹೆಚ್ಚು ಕೂಸುಗಳನ್ನು ನೋಡಿದರು. ಹುಟ್ಟಿದೊಡನೆ ತಾಯಿಯ ಎದೆಗೆ ಅಂಟಿಸಿ, ತಾಯಿಯನ್ನೂ ಅದೇ ಘಟಕದಲ್ಲಿ ಇರಿಸಿದ ಕಡೆ ಒಂದು ತಿಂಗಳೊಳಗೆ ನೂರಕ್ಕೆ 12 ಕೂಸುಗಳು ತೀರಿಕೊಂಡವು. ಹಳೆಯ ಕ್ರಮ ನಡೆಸಿದ ಕಡೆ ನೂರಕ್ಕೆ ಸುಮಾರು 16. ತಾಯಿಗೆ ಕೊಟ್ಟ ಒಂದು ಮಂಚ ಎಷ್ಟು ಬೆಲೆಬಾಳುತ್ತದೆಂಬುದನ್ನು ನೀವೇ ಲೆಕ್ಕ ಹಾಕಿ.

ಇಲ್ಲಿಯವರೆಗೆ ಹೇಳಿದ್ದು ಮಂಚದ ಮೇಲಿನ ಮಗುವಿನ ಮಾತು, ಮಂಚದ ಬಳಿಯ ತಾಯಿಯ ಮಾತು. ಮನೆಯಲ್ಲಿ ಉಳಿದ ಮಕ್ಕಳ ಮಾತನ್ನು ಯಾರು ಆಡುತ್ತಾರೆ?

ಅವರನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಗಂಟಿನಂತೆ ಸಾಗಿಸುತ್ತೇವೆ. ತಮ್ಮನಿಗೆ ಏನಾಗಿದೆಯೆಂದು ಅಣ್ಣ ಕೇಳಿದರೆ "ನಿನಗೇಕೆ ಅದೆಲ್ಲ, ಸುಮ್ಮನೆ ಓದು" ಎನ್ನುತ್ತೇವೆ. ದೊಡ್ಡವರು ಪಿಸುಗುಟ್ಟುವುದು ಅವನಿಗೆ ಕೇಳಿಸುತ್ತದೆ. ಅರ್ಧ ಕೇಳಿದ್ದಕ್ಕೆ ಉಳಿದರ್ಧವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಹಾಗೆ ಕಟ್ಟಿಕೊಂಡದ್ದು ನಿಜಕ್ಕಿಂತ ಭಯಂಕರವಾಗಿರುತ್ತದೆ. ನಾಲ್ಕೈದು ವರ್ಷದ ಮಗು ಇನ್ನೊಂದು ರೀತಿ ಯೋಚಿಸುತ್ತದೆ: "ಮೊನ್ನೆ ನಾನು ಅವನನ್ನು ತಳ್ಳಿದೆ, ಸಾಯಿ ಎಂದು ಬೈದೆ, ಅದಕ್ಕೇ ಅವನಿಗೆ ಹೀಗಾಯಿತು." ಇದನ್ನು ಯಾರಿಗೂ ಹೇಳುವುದಿಲ್ಲ. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಬೆಳಿಗ್ಗೆ ಹೊಟ್ಟೆನೋವೆನ್ನುತ್ತದೆ. ಶಾಲೆಯಲ್ಲಿ ಪಾಠ ಹತ್ತುವುದಿಲ್ಲ. ನಾವು ಅದನ್ನು ಹಠವೆಂದು ಕರೆದು ಎರಡು ಏಟು ಹಾಕುತ್ತೇವೆ. ಆ ಮಗು ಕೇಳುತ್ತಿರುವುದು ಒಂದೇ ಪ್ರಶ್ನೆ: "ಈ ಮನೆಯಲ್ಲಿ ನಾನೂ ಇದ್ದೇನೆಯೇ?"

ಹೆಣ್ಣುಮಗುವಾದರಂತೂ ಕೇಳುವುದೇ ಬೇಡ. ತಾಯಿ ಆಸ್ಪತ್ರೆಯಲ್ಲಿ ಕುಳಿತ ದಿನದಿಂದ ಅವಳೇ ಮನೆಯ ಯಜಮಾನಿ. ಅಡಿಗೆ, ನೀರು, ತಂಗಿಯ ಜಡೆ, ಅಪ್ಪನ ಬುತ್ತಿ. "ನಮ್ಮ ಹುಡುಗಿ ಎಷ್ಟು ಜಾಣೆ!" ಎಂದು ನೆರೆಯವರು ಹೊಗಳುತ್ತಾರೆ. ಹೊಗಳಿಕೆಯಲ್ಲಿ ಅವಳ ಶಾಲೆ ಮುಳುಗಿಹೋಗುತ್ತದೆ. ಹತ್ತು ದಿನಕ್ಕೆ ಬಿಟ್ಟ ಶಾಲೆ ಎಷ್ಟೋ ಸಲ ಹತ್ತು ದಿನಕ್ಕೆ ಮುಗಿಯುವುದಿಲ್ಲ.

ಒಂದು ಕ್ರೂರವಾದ ಸಂಗತಿಯನ್ನೂ ಹೇಳಬೇಕು. ರಕ್ತದ ಕ್ಯಾನ್ಸರ್, ಥಲಸ್ಸೇಮಿಯ ಮುಂತಾದ ಕಾಯಿಲೆಗಳಲ್ಲಿ ಕೆಲವೊಮ್ಮೆ ಅಸ್ಥಿಮಜ್ಜೆಯ ಕಸಿ ಮಾಡುತ್ತಾರೆ. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ತಿಂಗಳುಗಟ್ಟಲೆ ಯಾರೂ ಮಾತನಾಡಿಸದಿದ್ದ ಅಕ್ಕನನ್ನು ಆಗ ಏಕಾಏಕಿ ಆಸ್ಪತ್ರೆಗೆ ಕರೆತಂದು ಸೂಜಿ ಚುಚ್ಚುತ್ತಾರೆ. ಹೊಂದಿದರೆ ಅವಳು ದೇವತೆ. ಹೊಂದದಿದ್ದರೆ ತನ್ನಿಂದಲೇ ತಮ್ಮ ಉಳಿಯಲಿಲ್ಲವೆಂದು ಅವಳು ಒಳಗೇ ಕೊರಗಬಹುದು. ಅವಳಿಗೆ ಮೊದಲಿನಿಂದ ಎಲ್ಲವನ್ನೂ ತಿಳಿಸಿ ಹೇಳಿದ್ದರೆ ಈ ಹೊರೆ ಅವಳ ಮೇಲೆ ಬೀಳುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಈಗಾಗಲೇ ಇರುವ ಹಕ್ಕುಗಳನ್ನು ತಿಳಿದುಕೊಳ್ಳೋಣ.

ಇ.ಎಸ್.ಐ. ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಅದರ ಚೀಟಿ ಉಳ್ಳ ಕಾರ್ಮಿಕನ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯುಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಔಷಧ, ಪರೀಕ್ಷೆ, ಹೋಗಿಬರುವ ವಾಹನ ಎಲ್ಲ ಉಚಿತವಾಗಿರಬೇಕು. 2011ರಲ್ಲಿ ಹುಟ್ಟಿದ ಕೂಸುಗಳಿಗೆಂದು ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಶಾಲೆ ಅಂಗನವಾಡಿಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ, ಹೃದಯದ ದೋಷ, ಸೀಳುತುಟಿ ಮುಂತಾದವುಗಳಿಗೆ ಪುಕ್ಕಟೆ ಚಿಕಿತ್ಸೆಗೆ ಕಳುಹಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಇವು ಯಾರ ಭಿಕ್ಷೆಯೂ ಅಲ್ಲ. ಕೇಳಿ ಪಡೆಯತಕ್ಕವು.

ಆದರೆ ಇವುಗಳ ನಡುವೆ ಒಂದು ದೊಡ್ಡ ತೂತಿದೆ. ಇವೆಲ್ಲ ಮಗುವಿನ ಔಷಧಕ್ಕೆ ಕೊಡುತ್ತವೆ. ಮಗುವಿನ ಬಳಿ ಕುಳಿತವರ ಕೂಲಿಗೆ ಕೊಡುವುದಿಲ್ಲ. ಇ.ಎಸ್.ಐ.ನ ಕಾಯಿಲೆ ಭತ್ಯೆ ಕಾರ್ಮಿಕ ತಾನೇ ಮಲಗಿದರೆ ಮಾತ್ರ. ಮಗು ಮಲಗಿದರೆ ಇಲ್ಲ. ಕಾರ್ಖಾನೆಯ ಕಾನೂನು ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಕೊಡುತ್ತದೆ. ಹಬ್ಬಕ್ಕೂ ಮದುವೆಗೂ ಸಾವಿಗೂ ಅದೇ. ಬದಲಿ ಕಾರ್ಮಿಕನಿಗೆ, ಗುತ್ತಿಗೆಯವನಿಗೆ ಅದೂ ಕೈಗೆ ಸಿಗುವುದು ಕಷ್ಟ. ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ 2008ರಲ್ಲಿ ಮಕ್ಕಳ ಪಾಲನೆಗೆಂದು 730 ದಿನಗಳ ರಜೆ ಕೊಟ್ಟಿತು. ಒಳ್ಳೆಯ ಕೆಲಸ, ನಾವು ಸ್ವಾಗತಿಸುತ್ತೇವೆ. ಆದರೆ ಸರ್ಕಾರದ ಗುಮಾಸ್ತೆಯ ಮಗುವಿಗೆ ಬರುವ ಜ್ವರ ಬೇರೆ, ಗಿರಣಿಯ ಹೆಣ್ಣಾಳಿನ ಮಗುವಿಗೆ ಬರುವ ಜ್ವರ ಬೇರೆಯೇ?

"ಇದೆಲ್ಲ ಆಗುವ ಮಾತಲ್ಲ" ಎನ್ನುವವರಿಗೆ ಎರಡು ನಿದರ್ಶನ ಕೊಡುತ್ತೇವೆ. ಸ್ವೀಡನ್ನಿನಲ್ಲಿ ಸಮಾಜವಾದಿ ಪ್ರಜಾಸತ್ತಾವಾದಿಗಳ ಸರ್ಕಾರ 1974ರಲ್ಲಿ ಹೆತ್ತವರ ವಿಮೆಯನ್ನು ತಂದಿತು. ಇಂದು ಅಲ್ಲಿ ಹನ್ನೆರಡು ವರ್ಷದೊಳಗಿನ ಮಗು ಕಾಯಿಲೆಯಾದರೆ ತಾಯಿಯಾಗಲಿ ತಂದೆಯಾಗಲಿ ಮನೆಯಲ್ಲಿ ಉಳಿದು, ಒಂದು ಮಗುವಿಗೆ ವರ್ಷಕ್ಕೆ 120 ದಿನಗಳವರೆಗೆ, ಸಂಬಳದ ನೂರಕ್ಕೆ ಸುಮಾರು 80ರಷ್ಟನ್ನು ವಿಮೆಯಿಂದ ಪಡೆಯಬಹುದು. ಪ್ರಾಣಾಪಾಯದ ಕಾಯಿಲೆಗಾದರೆ ದಿನಗಳ ಮಿತಿಯೇ ಇಲ್ಲ. ಸ್ವೀಡನ್ ಶ್ರೀಮಂತ ದೇಶವೆನ್ನುತ್ತೀರಿ. ಸರಿ, ಎರಡನೆಯ ನಿದರ್ಶನ ನಮ್ಮದೇ ಜಿಲ್ಲಾ ಆಸ್ಪತ್ರೆಗಳದು. ತೀವ್ರವಾಗಿ ಸೊರಗಿದ ಮಕ್ಕಳಿಗೆಂದು ಅಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಅಲ್ಲಿ ಮಗುವಿನ ಜೊತೆ ಉಳಿಯುವ ತಾಯಿಗೆ ಊಟವನ್ನೂ, ಹೋದ ಕೂಲಿಗೆ ದಿನಕ್ಕಿಷ್ಟೆಂದು ಪರಿಹಾರವನ್ನೂ ಕೊಡಬೇಕೆಂಬುದು ಸರ್ಕಾರದ್ದೇ ನಿಯಮ. ಅಂದ ಮೇಲೆ, ಮಗುವಿನ ಬಳಿ ಕುಳಿತ ತಾಯಿಯ ಕೂಲಿ ಸಮಾಜದ ಹೊಣೆಯೆಂಬ ತತ್ವವನ್ನು ಸರ್ಕಾರ ಒಪ್ಪಿ ಆಗಿದೆ. ಒಂದು ಕೊಠಡಿಯಲ್ಲಿ ಒಪ್ಪಿದ್ದನ್ನು ಪಕ್ಕದ ವಾರ್ಡಿಗೂ ಒಪ್ಪಿರಿ ಎಂಬುದಷ್ಟೇ ನಮ್ಮ ಕೇಳಿಕೆ.

ಆದ್ದರಿಂದ ಈ ಸಭೆ ಮುಂದಿಡಬೇಕಾದ ಬೇಡಿಕೆಗಳು ಇವು. ಒಂದು, ಮಗು ಆಸ್ಪತ್ರೆಯಲ್ಲಿದ್ದಷ್ಟು ದಿನ ಹೆತ್ತವರಲ್ಲಿ ಒಬ್ಬರಿಗೆ ಇ.ಎಸ್.ಐ.ನಿಂದ ಭತ್ಯೆ, ಅದರ ಹೊರಗಿರುವ ವ್ಯಾಪಾರಿಗೂ ಕೂಲಿಕಾರನಿಗೂ ಸರ್ಕಾರದಿಂದ ದಿನದ ಪರಿಹಾರ. ಎರಡು, ಮಕ್ಕಳ ವಾರ್ಡಿನಲ್ಲಿ ಜೊತೆಗಿರುವವರಿಗೆ ಎರಡು ಹೊತ್ತು ಊಟ, ಮಲಗಲು ಚಾಪೆಯ ಬದಲು ಮಂಚ, ಬೀಗ ಹಾಕದ ಸ್ನಾನದ ಮನೆ. ಮೂರು, ದೂರದ ಹಳ್ಳಿಯಿಂದ ಬಂದವರು ಉಳಿಯುವುದಕ್ಕೆ ಆಸ್ಪತ್ರೆಯ ಆವರಣದಲ್ಲಿಯೇ ಧರ್ಮಶಾಲೆ. ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಉತ್ತರದ ಜಿಲ್ಲೆಗಳಿಂದಲೂ ಜನ ಹೋಗುತ್ತಾರೆ. ಅವರಲ್ಲಿ ಹಲವರಿಗೆ ಆಶ್ರಯವಾಗಿರುವುದು ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ. ಪೊರಕೆ ಹಿಡಿದು ಊರೂರು ಗುಡಿಸಿದ ಒಬ್ಬ ಅಗಸರ ಸಂತನ ಹೆಸರಿನಲ್ಲಿ ಅದು ನಡೆಯುತ್ತದೆಂದ ಮೇಲೆ ಒಂದು ಸರ್ಕಾರದಿಂದ ಆಗದೇ? ನಾಲ್ಕು, ಒಡಹುಟ್ಟಿದ ಮಕ್ಕಳು ಬಂದು ನೋಡಲು ದಿನಕ್ಕೊಂದು ಹೊತ್ತು.

ಈ ಕೊನೆಯದಕ್ಕೆ ಡಾಕ್ಟರರ ಒಂದು ಆಕ್ಷೇಪವಿದೆ, ಅದರಲ್ಲಿ ಸತ್ಯವೂ ಇದೆ. ನೆಗಡಿ, ಜ್ವರ, ದಡಾರ ಇರುವ ಮಗುವನ್ನು ವಾರ್ಡಿಗೆ ಕರೆದೊಯ್ಯಬಾರದು. ತೀವ್ರ ನಿಗಾ ಘಟಕಕ್ಕೂ, ಕ್ಯಾನ್ಸರ್ ಔಷಧ ನಡೆಯುತ್ತಿರುವ ಮಕ್ಕಳ ಬಳಿಗೂ ಡಾಕ್ಟರು ಹೇಳಿದಂತೆಯೇ ನಡೆಯಬೇಕು. ಆದರೆ ಒಳಗೆ ಬಿಡಲಾಗದಿದ್ದರೆ ಫೋನಿನಲ್ಲಿ ಮುಖ ತೋರಿಸಬಹುದಲ್ಲ? ಅಣ್ಣ ಬರೆದ ಚಿತ್ರವನ್ನು ತಮ್ಮನ ಮಂಚಕ್ಕೆ ಅಂಟಿಸಬಹುದಲ್ಲ? ಸಂಬಂಧವನ್ನು ಕಡಿಯದಿರುವುದಕ್ಕೆ ನೂರು ದಾರಿಗಳಿವೆ.

ಬೇಡಿಕೆಗಳು ಈಡೇರಲು ಕಾಲ ಹಿಡಿಯುತ್ತದೆ. ಮಗುವಿನ ಜ್ವರ ಅಲ್ಲಿಯವರೆಗೆ ಕಾಯುವುದಿಲ್ಲ. ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆಯೆಂದು ಹಿರಿಯರು ಹೇಳಿದ್ದಾರೆ. ನಮ್ಮ ಕಡ್ಡಿಯನ್ನು ನಾವು ಎತ್ತೋಣ.

ಇಲ್ಲಿ ಸುಮಾರು ಇನ್ನೂರು ಮಂದಿ ಇದ್ದೀರಿ. ಒಬ್ಬೊಬ್ಬರು ವಾರಕ್ಕೆ 5 ರೂಪಾಯಿ ಹಾಕಿದರೆ ವಾರಕ್ಕೆ 1,000, ವರ್ಷಕ್ಕೆ 52,000. ಮಗುವನ್ನು ಸೇರಿಸಿದ ಮನೆಗೆ ದಿನಕ್ಕೆ 300ರಂತೆ ಹತ್ತು ದಿನ ಕೊಟ್ಟರೆ 3,000. ವರ್ಷಕ್ಕೆ ಹದಿನೇಳು ಮನೆಗಳು ಬಡ್ಡಿಯವನ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಇದನ್ನು ಸಾಲವೆನ್ನಬೇಡಿ, ದಾನವೆಂದೂ ಅನ್ನಬೇಡಿ. ಇಂದು ಅವನ ಸರದಿ, ನಾಳೆ ನಮ್ಮ ಸರದಿ. ಲೆಕ್ಕವನ್ನು ತಿಂಗಳಿಗೊಮ್ಮೆ ಬಾಗಿಲಿಗೆ ಅಂಟಿಸಿ; ನಿಧಿಯ ಪ್ರಾಣವಿರುವುದು ಲೆಕ್ಕದಲ್ಲಿ.

ಗಿರಣಿಯವರೇ, ಪಾಳಿಯ ಬದಲಾವಣೆ ನಿಮ್ಮ ಕೈಯಲ್ಲಿದೆ. ಹಗಲು ಪಾಳಿಯವನು ರಾತ್ರಿಯದನ್ನು ತೆಗೆದುಕೊಂಡರೆ ತಂದೆ ಹಗಲು ಮಂಚದ ಬಳಿ ಕೂರಬಹುದು, ತಾಯಿ ಮನೆಗೆ ಹೋಗಿ ಉಳಿದ ಮಕ್ಕಳಿಗೆ ಒಂದು ಹೊತ್ತು ಕೈತುತ್ತು ಕೊಡಬಹುದು. ಸಂಘ ಇದನ್ನು ಬರಹದಲ್ಲಿ ಕೇಳಲಿ; ಮೇಸ್ತ್ರಿಯ ಮರ್ಜಿಗೆ ಬಿಡುವುದು ಬೇಡ. ವ್ಯಾಪಾರಿಗಳೇ, ಅಂಥ ಮನೆಯ ಉದ್ರಿ ಖಾತೆಯನ್ನು ಒಂದು ತಿಂಗಳು ಮುಟ್ಟಬೇಡಿ. ಪಕ್ಕದ ಅಂಗಡಿಯವನ ಮಗು ಆಸ್ಪತ್ರೆಯಲ್ಲಿದ್ದರೆ ದಿನಕ್ಕೆರಡು ಗಂಟೆ ಅವನ ಬಾಗಿಲನ್ನೂ ತೆರೆದಿಡಿ. ಅವನ ಗಿರಾಕಿ ಅವನಿಗೇ ಉಳಿಯಲಿ.

ಕೇರಿಯ ತಾಯಂದಿರೇ, ಅಣ್ಣತಮ್ಮಂದಿರೇ, ಮನೆಯಲ್ಲಿ ಉಳಿದ ಮಕ್ಕಳಿಗೆ ಒಬ್ಬರೇ ಒಬ್ಬರು ಹೊಣೆಯಾಗಿ ನಿಲ್ಲಿರಿ. ಇಂದು ಒಬ್ಬರು, ನಾಳೆ ಇನ್ನೊಬ್ಬರು ಬೇಡ. ಸಾಧ್ಯವಾದರೆ ಮಕ್ಕಳು ತಮ್ಮ ಮನೆಯಲ್ಲಿಯೇ ಮಲಗಲಿ, ತಮ್ಮ ಶಾಲೆಗೇ ಹೋಗಲಿ. ಮೇಷ್ಟರಿಗೆ ವಿಷಯ ತಿಳಿಸಿ. ದೊಡ್ಡ ಹುಡುಗಿಯ ಕೈಯಿಂದ ಸೌಟನ್ನು ತೆಗೆದುಕೊಂಡು ಪುಸ್ತಕ ಕೊಡಿ. ಎರಡು ಹೊತ್ತಿನ ರೊಟ್ಟಿ ನಾಲ್ಕು ಮನೆಯಿಂದ ಬಂದೀತು. ಮಕ್ಕಳು ಕೇಳಿದರೆ ನಿಜವನ್ನೇ, ಅವರ ಅಳತೆಗೆ ತಕ್ಕಂತೆ ಹೇಳಿ: "ತಮ್ಮನ ಎದೆಯಲ್ಲಿ ಸೋಂಕಾಗಿದೆ. ಡಾಕ್ಟರು ಔಷಧ ಕೊಡುತ್ತಿದ್ದಾರೆ. ನೀನು ಬೈದದ್ದರಿಂದಲೋ ತಳ್ಳಿದ್ದರಿಂದಲೋ ಇದು ಬಂದದ್ದಲ್ಲ. ಅಮ್ಮ ಸಂಜೆ ಫೋನು ಮಾಡುತ್ತಾಳೆ." ಸಂಜೆ ಎಂದರೆ ಸಂಜೆಯೇ ಮಾಡಿಸಿ. ಮಗುವಿಗೆ ಕೊಟ್ಟ ಮಾತು ಮಾಲೀಕನಿಗೆ ಕೊಟ್ಟ ಮಾತಿಗಿಂತ ದೊಡ್ಡದು.

ಮಾಡಬಾರದ್ದನ್ನೂ ಹೇಳಬೇಕು. ಹಣ್ಣಿನ ಚೀಲ ಹಿಡಿದು ಹತ್ತು ಜನ ವಾರ್ಡಿಗೆ ನುಗ್ಗಬೇಡಿ. ಹಣ್ಣಿನ ದುಡ್ಡನ್ನು ನಿಧಿಗೆ ಹಾಕಿ. ದೃಷ್ಟಿ, ಶಾಪ, ಹಿಂದಿನ ಜನ್ಮದ ಕರ್ಮ ಎಂದು ತಾಯಿಯ ಕಿವಿಯಲ್ಲಿ ಊದಬೇಡಿ. "ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂಬ ಮಾತನ್ನು ಅತ್ತೆಯೇ ಆಡಲಿ, ನಾದಿನಿಯೇ ಆಡಲಿ, ಅಲ್ಲಿಯೇ ತಡೆಯಿರಿ. ಮಗು ಮನೆಗೆ ಬಂದ ದಿನ ಎಲ್ಲ ಮುಗಿಯಿತೆಂದು ಕೈತೊಳೆದುಕೊಳ್ಳಬೇಡಿ. ಆಸ್ಪತ್ರೆಯಿಂದ ಬಂದ ಮಗು ಕೆಲವು ವಾರ ತಾಯಿಯ ಸೆರಗು ಬಿಡುವುದಿಲ್ಲ, ರಾತ್ರಿ ಬೆಚ್ಚುತ್ತದೆ. ಉಳಿದ ಮಕ್ಕಳು ಅದನ್ನು ಕಂಡು ಮುನಿಯುತ್ತಾರೆ. ಅದು ಕೆಟ್ಟ ಬುದ್ಧಿಯಲ್ಲ, ಆದ ಗಾಯ ಮಾಯುವ ಬಗೆ. ಮಗು ಮನೆಗೆ ಬಾರದೆಯೇ ಹೋದ ಮನೆಗಂತೂ ಹದಿಮೂರನೆಯ ದಿನದ ನಂತರವೇ ನಮ್ಮ ಅಗತ್ಯ ಹೆಚ್ಚು. ಅಲ್ಲಿ ಉಳಿದ ಅಣ್ಣನನ್ನೋ ಅಕ್ಕನನ್ನೋ ಹೆಸರು ಹಿಡಿದು ಮಾತನಾಡಿಸಿ. ಸತ್ತ ಮಗುವಿನ ಹೆಸರನ್ನು ಎತ್ತಲು ಹೆದರಬೇಡಿ.

ಸೋದರ ಸೋದರಿಯರೇ, ಸಮಾಜವಾದವೆಂದರೆ ಗಿರಣಿಯ ಒಡೆತನದ ಪ್ರಶ್ನೆಯೆಂದು ನಾವು ಹೇಳುತ್ತ ಬಂದಿದ್ದೇವೆ, ಅದು ದಿಟ. ಆದರೆ ಒಬ್ಬನ ಹೊರೆಯನ್ನು ಎಲ್ಲರೂ ಹೊರುವುದೇ ಸಮಾಜವಾದವಾದರೆ, ಅದನ್ನು ಆರಂಭಿಸುವುದಕ್ಕೆ ವಿಧಾನಸಭೆಯಲ್ಲಿ ಬಹುಮತ ಬರುವವರೆಗೆ ಕಾಯಬೇಕಿಲ್ಲ. ಬಾಗಿಲ ಬಳಿ ಒಂದು ನೋಟುಪುಸ್ತಕ ಇಟ್ಟಿದೆ. ನಿಧಿಗೆ ಹೆಸರು ಬರೆಯಿಸಿ. ಅದರ ಪಕ್ಕದ ಪುಟದಲ್ಲಿ, ನಿಮ್ಮ ಬೀದಿಯಲ್ಲಿ ಈಗ ಯಾರ ಮಗು ಆಸ್ಪತ್ರೆಯಲ್ಲಿದೆ, ಆ ಮನೆಯಲ್ಲಿ ಎಷ್ಟು ಮಕ್ಕಳು ಉಳಿದಿದ್ದಾರೆ ಎಂಬುದನ್ನೂ ಬರೆಯಿಸಿ. ನಾಳೆ ಬೆಳಿಗ್ಗೆ ಆ ಮನೆಗಳಿಗೆ ಯಾರು ಹೋಗಬೇಕೆಂಬುದನ್ನು ಇಂದು ರಾತ್ರಿಯೇ ನಿಶ್ಚಯಿಸೋಣ.